ಪಿಯಾನೊ ಇರುವ ಕಡೆಗೆ ಜನ ಬರುತ್ತಾರೆ

(ಯುವ ಜಾಝ್ ಸಂಗೀತಗಾರರ ಕೂಟವೊಂದರಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಒಬ್ಬರು ಕೇಳಿದ ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ಯಾಕ್ಸೊಫೋನ್ ನುಡಿಸುವವರು ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಟ್ರಂಪೆಟ್ ಅಂತೂ ಕೈಯಲ್ಲಿ ಹಿಡಿಯುವ ಪೆಟ್ಟಿಗೆ. ಪಿಯಾನೊ ಹಾಗಲ್ಲ. ದೊಡ್ಡ ವೇದಿಕೆಗಳಲ್ಲಿ ಇಡುವ ಗ್ರ್ಯಾಂಡ್ ಪಿಯಾನೊ ಹೆಚ್ಚುಕಮ್ಮಿ 500 ಕಿಲೊ ತೂಗುತ್ತದೆ. ಅದು ನಮ್ಮ ಜೊತೆ ಎಲ್ಲಿಗೂ ಬರುವುದಿಲ್ಲ. ಅದಿರುವ ಕಡೆಗೆ ನಾವು ಹೋಗಬೇಕು, ಇಲ್ಲವೇ ಜನ ಬರಬೇಕು.

ಇನ್ನೊಂದು ಸಂಗತಿ ಇದೆ. ಪಿಯಾನೊದಲ್ಲಿ ಎಲ್ಲವೂ ಸಿಗುತ್ತದೆ. ಎಡಗೈಯಲ್ಲಿ ಬೇಸ್ ಅಂದರೆ ತಗ್ಗಿನ ಸ್ವರಗಳು, ನಡುವೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ಅಂದರೆ ಕಾರ್ಡ್‌ಗಳು, ಬಲಗೈಯಲ್ಲಿ ಹಾಡು. ಬೇರೆ ಯಾರೂ ಬೇಡ ಅನ್ನಿಸಿಬಿಡುತ್ತದೆ. ಹಾಗಾಗಿ ಪಿಯಾನೊ ನುಡಿಸುವವರು ಒಂಟಿಯಾಗುವುದು ಬಹಳ ಸುಲಭ. ಒಂಟಿಯಾಗಿದ್ದೇವೆ ಅಂತ ತಮಗೇ ಗೊತ್ತಾಗುವುದಿಲ್ಲ.

ನಾನು ಎಷ್ಟೋ ವರ್ಷ ಹಾಗೆ ಒಬ್ಬಳೇ ಕೂತು ಕಲಿತೆ. ರೆಕಾರ್ಡ್ ಹಾಕುವುದು, ಜೊತೆಗೆ ನುಡಿಸುವುದು, ಮತ್ತೆ ಹಾಕುವುದು. ಚೆನ್ನಾಗಿಯೇ ನುಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ಮೊದಲ ಸಲ ಒಬ್ಬ ಬೇಸ್ ವಾದಕರ ಜೊತೆ ಕೂತಾಗ ಅವರು ಎರಡೇ ನಿಮಿಷಕ್ಕೆ ನಿಲ್ಲಿಸಿದರು. ‘ನಿಮ್ಮ ಎಡಗೈ ನನ್ನ ಕೆಲಸ ಮಾಡ್ತಾ ಇದೆ’ ಅಂದರು. ನಿಜವೇ. ಪ್ರತಿ ಕಾರ್ಡ್‌ನ ತಳದ ಸ್ವರವನ್ನು ನಾನೇ ಒತ್ತುತ್ತಿದ್ದೆ. ಅವರಿಗೆ ಕಾಲಿಡಲು ಜಾಗವೇ ಇರಲಿಲ್ಲ. ತಳದ ಸ್ವರ ಬಿಟ್ಟು ಕಾರ್ಡ್ ಹಿಡಿಯುವುದು ನನಗೆ ಗೊತ್ತಿತ್ತು, ಕೈಗೂ ಬರುತ್ತಿತ್ತು. ಯಾಕೆ ಬಿಡಬೇಕು ಅನ್ನುವುದು ಮಾತ್ರ ಆ ದಿನ ಗೊತ್ತಾಯಿತು. ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಇರುತ್ತಾರೆ.

ಆನ್‌ಲೈನ್‌ನಲ್ಲಿ ಜೊತೆಗಾರರನ್ನು, ಕೇಳುಗರನ್ನು ಹುಡುಕುವುದು ಹೇಗೆ ಅಂತ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಕರೆ ಬಂದಾಗ ನನಗೆ ಫಾಲೋವರ್‌ಗಳ ಲೆಕ್ಕ ನೆನಪಾಗಲಿಲ್ಲ. ಒಂದು ಮನೆ ನೆನಪಾಯಿತು.

ಆ ಮನೆ ಇದ್ದದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಹ್ಯಾಮಿಲ್ಟನ್ ಟೆರೇಸ್ ಎಂಬ ಬೀದಿಯಲ್ಲಿ. 1940ರ ದಶಕ. ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್ ಅಲ್ಲಿ ವಾಸವಾಗಿದ್ದರು. ರಾತ್ರಿ ಕ್ಲಬ್‌ಗಳ ಕೆಲಸ ಮುಗಿದ ಮೇಲೆ ಥೆಲೋನಿಯಸ್ ಮಂಕ್ ಬರುತ್ತಿದ್ದರು. ಬಡ್ ಪವೆಲ್ ಬರುತ್ತಿದ್ದರು. ಟ್ಯಾಡ್ ಡ್ಯಾಮರನ್, ಡಿಜ್ಜಿ ಗಿಲೆಸ್ಪಿ ಬರುತ್ತಿದ್ದರು. ಅದೇ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್‌ನಲ್ಲಿ ಮಂಕ್ ಪಿಯಾನೊ ನುಡಿಸುತ್ತಿದ್ದ ಕಾಲ. ಬೀಬಾಪ್ ಎಂಬ ಹೊಸ ಜಾಝ್ ಶೈಲಿ ಇನ್ನೂ ಕಣ್ಣು ಬಿಡುತ್ತಿತ್ತು. ಈ ಹುಡುಗರೆಲ್ಲ ಬರೆದ ಹೊಸ ಟ್ಯೂನ್‌ಗಳನ್ನು ಮೇರಿ ಲೂ ಅವರ ಪಿಯಾನೊ ಮುಂದೆ ಕೂತು ತೋರಿಸುತ್ತಿದ್ದರು. ಅವರು ಇವರೆಲ್ಲರಿಗಿಂತ ಹಿರಿಯರು, ಆಗಲೇ ಹೆಸರು ಮಾಡಿದವರು. ಆದರೂ ಕೇಳುತ್ತಿದ್ದರು. ತಾವೂ ಅವರಿಂದ ಕಲಿತರು.

1945ರಲ್ಲಿ ಅವರಿಗೆ ಒಂದು ರೇಡಿಯೊ ಕಾರ್ಯಕ್ರಮ ಕೂಡ ಇತ್ತು. ಹನ್ನೆರಡು ರಾಶಿಗಳ ಮೇಲೆ ಒಂದು ದೊಡ್ಡ ಕೃತಿ ಬರೆಯುತ್ತಿದ್ದರು. ಆಯಾ ರಾಶಿಯಲ್ಲಿ ಹುಟ್ಟಿದ ಸಂಗೀತಗಾರರನ್ನು ನೆನೆದು ಬರೆದ ಭಾಗಗಳು ಅವು. ಬರೆದ ಹಾಗೆ ವಾರ ವಾರ ಆ ಕಾರ್ಯಕ್ರಮದಲ್ಲಿ ನುಡಿಸುತ್ತಾ ಹೋದರು.

ನೋಡಿ, ಆ ಪಿಯಾನೊಗೆ ಎರಡು ಬಾಗಿಲು ಇದ್ದವು. ಒಂದರಿಂದ ಜೊತೆಗಾರರು ಒಳಗೆ ಬರುತ್ತಿದ್ದರು. ಇನ್ನೊಂದರಿಂದ ಸಂಗೀತ ಕೇಳುಗರ ಕಡೆಗೆ ಹೋಗುತ್ತಿತ್ತು. ಇವತ್ತು ನಮ್ಮ ಕೈಯಲ್ಲಿರುವ ಫೋನಿನಲ್ಲಿ ಎರಡೂ ಬಾಗಿಲು ಇವೆ. ನಾವು ಜಾಸ್ತಿ ತೆರೆಯುವುದು ಎರಡನೆಯದನ್ನು ಮಾತ್ರ. ವಿಡಿಯೊ ಹಾಕುತ್ತೇವೆ, ಎಷ್ಟು ಜನ ನೋಡಿದರು ಅಂತ ನೋಡುತ್ತೇವೆ, ಇನ್ನೊಂದು ಹಾಕುತ್ತೇವೆ. ಮೊದಲನೇ ಬಾಗಿಲು ಮುಚ್ಚಿಯೇ ಇರುತ್ತದೆ. ನನಗೆ ಇವತ್ತು ಹೇಳಬೇಕಾಗಿರುವುದು ಆ ಮೊದಲನೇ ಬಾಗಿಲಿನ ಬಗ್ಗೆ.

2020ರ ಮಾರ್ಚ್‌ನಲ್ಲಿ ಕ್ಲಬ್‌ಗಳೆಲ್ಲ ಮುಚ್ಚಿದವು, ಅಲ್ವಾ. ಆಗ ಅದೇ ಹಾರ್ಲೆಮ್‌ನಲ್ಲಿ ಎಮೆಟ್ ಕೋಹೆನ್ ಎಂಬ ಪಿಯಾನೊ ವಾದಕ ತಮ್ಮ ಅಪಾರ್ಟ್‌ಮೆಂಟಿನಿಂದಲೇ ನುಡಿಸಿ ನೇರ ಪ್ರಸಾರ ಮಾಡಲು ಶುರು ಮಾಡಿದರು. ಜೊತೆಗೆ ಬೇಸ್‌ನಲ್ಲಿ ರಸೆಲ್ ಹಾಲ್, ಡ್ರಮ್ಸ್‌ನಲ್ಲಿ ಕೈಲ್ ಪೂಲ್. ಅದು ಸೋಮವಾರ ರಾತ್ರಿಯ ರೂಢಿಯಾಯಿತು. ಆಮೇಲೆ ಬೇರೆ ಬೇರೆ ವಾದಕರನ್ನು, ಹಾಡುಗಾರರನ್ನು, ವಯಸ್ಸಾದ ದೊಡ್ಡ ಕಲಾವಿದರನ್ನು ಮನೆಗೆ ಕರೆದರು. ಚಿಕ್ಕ ಕೋಣೆ. ಪಿಯಾನೊ ಪಕ್ಕದಲ್ಲೇ ಡ್ರಮ್ಸ್. ಜಗತ್ತಿನ ಯಾವ ಮೂಲೆಯಲ್ಲಿದ್ದವರಿಗೂ ಆ ಕೋಣೆಯ ಒಂದು ಮೂಲೆಯಲ್ಲಿ ಕೂತ ಹಾಗೆ ಅನ್ನಿಸುತ್ತಿತ್ತು. ನನಗೂ ಅನ್ನಿಸಿದೆ.

ಅದು ಯಾಕೆ ಅಷ್ಟು ಚೆನ್ನಾಗಿತ್ತು? ಕ್ಯಾಮೆರಾ ಒಳ್ಳೆಯದಿತ್ತು ಅನ್ನುವುದು ಸಣ್ಣ ಕಾರಣ. ಮೂವರೂ ಒಂದೇ ಕೋಣೆಯಲ್ಲಿ ಇದ್ದರು ಅನ್ನುವುದು ದೊಡ್ಡ ಕಾರಣ. ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಲೆಕ್ಕ ಗೊತ್ತಿಲ್ಲದೆ ಎಷ್ಟೋ ಜನ ನಿರಾಸೆಯಾಗಿ ಬಿಟ್ಟುಬಿಟ್ಟಿದ್ದಾರೆ.

ಗಾಳಿಯಲ್ಲಿ ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್. ನಿಮ್ಮ ಡ್ರಮ್ಮರ್ 5 ಮೀಟರ್ ಆಚೆ ಕೂತಿದ್ದರೆ ಅವರ ಶಬ್ದ 15 ಮಿಲಿಸೆಕೆಂಡ್ ತಡವಾಗಿಯೇ ನಿಮಗೆ ಬರುತ್ತದೆ. ಅಷ್ಟು ತಡ ನಮಗೆ ಗೊತ್ತಾಗುವುದಿಲ್ಲ, ಮೈ ಸರಿಮಾಡಿಕೊಳ್ಳುತ್ತದೆ. 25, 30 ಮಿಲಿಸೆಕೆಂಡ್ ದಾಟಿದರೆ ಕಷ್ಟ ಶುರು. ನಾನು ನಿಮಗಾಗಿ ಕಾಯುತ್ತೇನೆ, ನೀವು ನನಗಾಗಿ ಕಾಯುತ್ತೀರಿ. ಲಯ ಕುಂಟುತ್ತಾ ನಿಧಾನವಾಗುತ್ತದೆ.

ಈಗ ನೆಟ್ ನೋಡಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. 10,000 ಕಿಲೋಮೀಟರ್ ದೂರಕ್ಕೆ 50 ಮಿಲಿಸೆಕೆಂಡ್. ಹೋಗಿ ಬರಲು 100. ಇದು ಬರೀ ಬೆಳಕಿನ ಲೆಕ್ಕ. ಕೇಬಲ್ ನೇರವಾಗಿ ಇರುವುದಿಲ್ಲ, ಕಂಪ್ಯೂಟರ್‌ಗಳೂ ತಮ್ಮ ಪಾಲಿನ ಸಮಯ ತಿನ್ನುತ್ತವೆ. ನಿಮಿಷಕ್ಕೆ 200 ಬೀಟ್, ಅಂದರೆ ತಾಳದ 200 ಪೆಟ್ಟು, ಬೀಳುವ ವೇಗದಲ್ಲಿ ಒಂದು ಟ್ಯೂನ್ ನುಡಿಸುತ್ತಿದ್ದೀರಿ ಅಂದುಕೊಳ್ಳಿ. ಒಂದು ಬೀಟ್‌ಗೆ 300 ಮಿಲಿಸೆಕೆಂಡ್. ಸ್ವಿಂಗ್ ಎಂಬ ಜಾಝ್ ಲಯದಲ್ಲಿ ಆ ಬೀಟ್ ಮೂರು ಪಾಲಾಗುತ್ತದೆ, ಕೊನೆಯ ಪಾಲಿನಲ್ಲಿ ಆ ಚಿಕ್ಕ ಸ್ವರ ಬೀಳುತ್ತದೆ. ಆ ಪಾಲು 100 ಮಿಲಿಸೆಕೆಂಡ್. ಜಾಝ್ ಕುಣಿಯುವುದು ಯಾವ ಚಿಕ್ಕ ಜಾಗದಲ್ಲೋ ಆ ಜಾಗವನ್ನೇ ದೂರ ಪೂರ್ತಿ ನುಂಗಿಬಿಡುತ್ತದೆ. ಎಷ್ಟು ದುಡ್ಡಿನ ಉಪಕರಣ ತಂದರೂ ಬೆಳಕಿಗಿಂತ ಬೇಗ ಹೋಗಲು ಆಗುವುದಿಲ್ಲ.

ಹತ್ತಿರದವರ ಜೊತೆ ಆಗುತ್ತದೆ. ಜಾಮುಲಸ್, ಜ್ಯಾಕ್‌ಟ್ರಿಪ್ ಅಂತ ಉಚಿತ ಸಾಫ್ಟ್‌ವೇರ್‌ಗಳಿವೆ. ಕೆಲವು ನೂರು ಕಿಲೋಮೀಟರ್ ಒಳಗೆ, ವೈಫೈ ಬಿಟ್ಟು ತಂತಿ ಹಾಕಿಕೊಂಡರೆ, ನಿಜಕ್ಕೂ ಒಟ್ಟಿಗೆ ನುಡಿಸಬಹುದು. ನಿಂಜಾಮ್ ಅನ್ನುವುದು 2005ರಲ್ಲಿ ಬಂತು. ಅದರ ಉಪಾಯ ನನಗೆ ತುಂಬಾ ಇಷ್ಟ. ತಡವನ್ನು ಕಡಿಮೆ ಮಾಡುವ ಬದಲು ಅದು ತಡವನ್ನು ದೊಡ್ಡದು ಮಾಡುತ್ತದೆ. ಬೇರೆಯವರು ಹಿಂದಿನ ಸುತ್ತಿನಲ್ಲಿ ನುಡಿಸಿದ್ದು ನಿಮಗೆ ಈ ಸುತ್ತಿನಲ್ಲಿ ಕೇಳುತ್ತದೆ. 12 ಬಾರ್‌ಗಳ, ಅಂದರೆ ತಾಳದ 12 ಆವರ್ತಗಳ, ಬ್ಲೂಸ್‌ನಂಥ ಸುತ್ತಿ ಸುತ್ತಿ ಬರುವ ರೂಪಕ್ಕೆ ಅದು ಸರಿಹೊಂದುತ್ತದೆ. ಕಾರ್ಡ್‌ಗಳು ಕೂಡುತ್ತವೆ, ತಾಳ ತಪ್ಪುವುದಿಲ್ಲ. ಆದರೆ ಮಾತುಕತೆ ಕಾಗದ ಬರೆದ ಹಾಗೆ ಆಗುತ್ತದೆ. ನಾನು ಒಂದು ತಮಾಷೆಯ ಉತ್ತರ ಕೊಟ್ಟರೆ ಅವರು ನಗುವುದು ಮುಂದಿನ ಸುತ್ತಿನಲ್ಲಿ.

ಹಾಗಾಗಿ ದೂರದವರ ಜೊತೆ ನಾನು ಕಾಗದದ ದಾರಿಯನ್ನೇ ಹಿಡಿದೆ. ರೆಕಾರ್ಡ್ ಮಾಡಿ ಕಳಿಸುವುದು, ಅವರು ಅದರ ಮೇಲೆ ನುಡಿಸಿ ಕಳಿಸುವುದು. ಇದರಲ್ಲಿ ಪಿಯಾನೊ ನುಡಿಸುವವರಿಗೆ ಒಂದು ವಿಶೇಷ ಕಷ್ಟವಿದೆ. ಸೋಲೊ ನುಡಿಸುವವರ ಹಿಂದೆ ನಾವು ಕಾಂಪಿಂಗ್ ಮಾಡುತ್ತೇವೆ. ಅಂದರೆ ಅವರು ಹೇಳಿದ್ದಕ್ಕೆ ಹೂಂಗುಟ್ಟುತ್ತೇವೆ, ಅವರು ಉಸಿರೆಳೆದುಕೊಂಡ ಕಡೆ ಒಂದು ಕಾರ್ಡ್ ಇಡುತ್ತೇವೆ. ಪಿಯಾನೊ ಮೊದಲು ರೆಕಾರ್ಡ್ ಆದರೆ, ಇನ್ನೂ ಬಾರದ ಮನುಷ್ಯನ ಮಾತಿಗೆ ಹೂಂಗುಟ್ಟಿದ ಹಾಗೆ! ನಾನು ಕಂಡುಕೊಂಡ ದಾರಿ ಇಷ್ಟು. ಮೊದಲು ತೀರಾ ತೆಳುವಾಗಿ, ದಾರಿ ತೋರಿಸುವಷ್ಟು ಮಾತ್ರ ನುಡಿಸಿ ಕಳಿಸುತ್ತೇನೆ. ಅವರ ಸೋಲೊ ಬಂದ ಮೇಲೆ ನನ್ನದನ್ನು ಅಳಿಸಿಬಿಡುತ್ತೇನೆ. ಅವರನ್ನು ಕೇಳುತ್ತಾ ಹೊಸದಾಗಿ ನುಡಿಸುತ್ತೇನೆ. ಅದನ್ನು ಕೇಳಿ ಅವರೂ ತಮ್ಮದನ್ನು ಇನ್ನೊಮ್ಮೆ ನುಡಿಸುತ್ತಾರೆ. ಎರಡು ಸಲ ಓಡಾಟ. ಕೆಲವೊಮ್ಮೆ ಒಂದು ಟ್ಯೂನ್‌ಗೆ ಮೂರು ವಾರ ಹಿಡಿಯುತ್ತದೆ. ಹಿಡಿಯಲಿ.

ವೇಗ ತಪ್ಪದಂತೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಇನ್ನೂ ಎದುರಾಬದುರು ನೋಡದ ಒಬ್ಬ ಬೇಸ್ ವಾದಕಿ ಇದ್ದಾರೆ. ನಾಲ್ಕು ವರ್ಷದಿಂದ ಜೊತೆಗೆ ಕೆಲಸ ಮಾಡುತ್ತಿದ್ದೇವೆ. ಮೊದಮೊದಲು ಇಬ್ಬರೂ ಕಿವಿಯಲ್ಲಿ ಟಿಕ್ ಟಿಕ್ ಹಾಕಿಕೊಂಡು ನುಡಿಸುತ್ತಿದ್ದೆವು. ಎಲ್ಲವೂ ಸರಿಯಾಗಿ ಕೂಡುತ್ತಿತ್ತು, ಜೀವ ಮಾತ್ರ ಇರುತ್ತಿರಲಿಲ್ಲ. ಆಮೇಲೆ ಟಿಕ್ ಟಿಕ್ ತೆಗೆದುಹಾಕಿದೆವು. ಯಾರು ಮೊದಲು ನುಡಿಸುತ್ತಾರೋ ಅವರ ಕಾಲಿನ ತಟ್ಟು ರೆಕಾರ್ಡ್‌ನಲ್ಲಿ ಇರಲಿ, ಎರಡನೆಯವರು ಅದನ್ನು ಹಿಂಬಾಲಿಸಲಿ ಅಂದುಕೊಂಡೆವು. ವೇಗ ಸ್ವಲ್ಪ ಏರುತ್ತದೆ, ಇಳಿಯುತ್ತದೆ. ಅದು ಅವರ ನಡಿಗೆ. ಅವರ ಜೊತೆ ನಡೆಯುತ್ತಿದ್ದೇನೆ ಅಂತ ನನಗೆ ಅನ್ನಿಸಿದ್ದು ಆಗಲೇ.

ಈಗ ಬೇರೊಂದು ವಿಷಯ. ಬ್ಯಾಂಡ್‌ನಲ್ಲಿ ಎಷ್ಟು ಪಿಯಾನೊ ಇರುತ್ತದೆ? ಒಂದೇ. ದೊಡ್ಡ ಬ್ಯಾಂಡ್‌ನಲ್ಲಿ ಐದು ಸ್ಯಾಕ್ಸೊಫೋನ್‌ಗಳು ಸಾಲಾಗಿ ಕೂರುತ್ತವೆ, ಒಬ್ಬರಿಂದ ಒಬ್ಬರು ಕಲಿಯುತ್ತಾರೆ. ಪಿಯಾನೊ ವಾದಕರಿಗೆ ಇನ್ನೊಬ್ಬ ಪಿಯಾನೊ ವಾದಕರು ಕೆಲಸದಲ್ಲಿ ಸಿಗುವುದೇ ಇಲ್ಲ. ಒಬ್ಬರು ಇದ್ದರೆ ಇನ್ನೊಬ್ಬರು ಇರುವುದಿಲ್ಲ. ಮರಿಯನ್ ಮ್ಯಾಕ್‌ಪಾರ್ಟ್‌ಲ್ಯಾಂಡ್ ಎಂಬ ಪಿಯಾನೊ ವಾದಕಿ ಅಮೆರಿಕದ ಸಾರ್ವಜನಿಕ ರೇಡಿಯೊದಲ್ಲಿ 30 ವರ್ಷಕ್ಕೂ ಹೆಚ್ಚು ಕಾಲ ಒಂದು ಕಾರ್ಯಕ್ರಮ ನಡೆಸಿದರು. ಅದರಲ್ಲಿ ಎರಡು ಪಿಯಾನೊ. ಒಂದರಲ್ಲಿ ಅವರು, ಇನ್ನೊಂದರಲ್ಲಿ ಅತಿಥಿ. ನುಡಿಸುವುದು, ನಿಲ್ಲಿಸುವುದು, ‘ಅಲ್ಲಿ ಏನು ಮಾಡಿದಿರಿ?’ ಅಂತ ಕೇಳುವುದು. 1978ರಲ್ಲಿ ಪಿಯಾನೊ ವಾದಕ ಬಿಲ್ ಎವನ್ಸ್ ಬಂದು ತಾವು ಒಂದು ಟ್ಯೂನ್ ಬಗ್ಗೆ ಹೇಗೆ ಯೋಚಿಸುತ್ತೇವೆ ಅಂತ ಪಿಯಾನೊ ಮುಂದೆಯೇ ಬಿಡಿಸಿ ತೋರಿಸಿದರು. ಆ ಕಾರ್ಯಕ್ರಮದ ಮೊತ್ತಮೊದಲ ಅತಿಥಿ ಯಾರು ಗೊತ್ತಾ? ಮೇರಿ ಲೂ ವಿಲಿಯಮ್ಸ್.

ನನ್ನ ಪ್ರಕಾರ ಆನ್‌ಲೈನ್ ಪಿಯಾನೊ ವಾದಕರಿಗೆ ಕೊಟ್ಟ ಅತಿ ದೊಡ್ಡ ವಸ್ತು ಇದೇ. ಪಿಯಾನೊ ವಾದಕರಿಗೆ ಪಿಯಾನೊ ವಾದಕರು ಸಿಕ್ಕಿದರು. ಮೇಲಿನಿಂದ ಕ್ಯಾಮೆರಾ ಇಟ್ಟು ಕೈಗಳನ್ನು ತೋರಿಸುವ ವಿಡಿಯೊ ನೋಡುತ್ತೇವಲ್ಲ, ವೇಗ ಅರ್ಧ ಮಾಡಿಕೊಂಡು ಬೆರಳು ಎಲ್ಲಿ ಬೀಳುತ್ತದೆ ಅಂತ ಹುಡುಕುತ್ತೇವಲ್ಲ, ಅದು ನೂರು ವರ್ಷ ಹಳೆಯ ವಿದ್ಯೆ. ಪಿಯಾನೊ ವಾದಕ ಡ್ಯೂಕ್ ಎಲಿಂಗ್ಟನ್ ಯುವಕನಾಗಿದ್ದಾಗ ಹಿರಿಯ ವಾದಕ ಜೇಮ್ಸ್ ಪಿ. ಜಾನ್ಸನ್ ನುಡಿಸಿದ ಪಿಯಾನೊ ರೋಲ್, ಅಂದರೆ ತೂತು ಕೊರೆದ ಕಾಗದದ ಸುರುಳಿ ತಂದು, ತಾನೇ ತಾನಾಗಿ ನುಡಿಯುವ ಪಿಯಾನೊಗೆ ಹಾಕಿ, ವೇಗ ಇಳಿಸಿ, ಕೆಳಗೆ ಇಳಿಯುವ ಕೀಗಳ ಮೇಲೆ ತನ್ನ ಬೆರಳಿಟ್ಟು ಕಲಿತರು. ಗುರು ಎದುರಿಗಿಲ್ಲ, ಗುರುವಿನ ಬೆರಳ ಗುರುತು ಮಾತ್ರ ಇದೆ. ನಮಗೆ ಆ ಗುರುತಿನ ಜೊತೆ ಗುರುವನ್ನು ಕೇಳುವ ಅವಕಾಶವೂ ಸಿಕ್ಕಿದೆ.

ಪಿಯಾನೊ ವಾದಕ ಬ್ಯಾರಿ ಹ್ಯಾರಿಸ್ ಅವರನ್ನು ನೆನೆಯದೆ ಇರಲಾರೆ. ಹತ್ತಾರು ವರ್ಷ ನ್ಯೂಯಾರ್ಕಿನಲ್ಲಿ ವಾರ ವಾರ ಪಾಠ ಹೇಳಿದವರು. ಒಂದು ಪಿಯಾನೊ, ಸುತ್ತ ನಿಂತ ಜನ. 2020ರಲ್ಲಿ ಅದು ನಿಂತಾಗ ಅವರಿಗೆ 90 ವರ್ಷ. ಅವರು ಝೂಮ್‌ನಲ್ಲಿ ಪಾಠ ಮುಂದುವರಿಸಿದರು. 2021ರ ಡಿಸೆಂಬರ್‌ನಲ್ಲಿ, 92ನೇ ಹುಟ್ಟುಹಬ್ಬಕ್ಕೆ ಒಂದು ವಾರ ಇರುವಾಗ ತೀರಿಕೊಂಡರು. ಆ ವಯಸ್ಸಿನಲ್ಲಿ ಪರದೆ ಮುಂದೆ ಕೂತು, ದೂರದ ಯಾರದೋ ಬೆರಳು ತಪ್ಪಿದ್ದನ್ನು ತಿದ್ದುವುದು ಅಂದರೆ ಸುಮ್ನೆ ಅಲ್ಲ. ನನಗೆ ಅದನ್ನು ನೆನೆದರೆ ಇವತ್ತಿಗೂ ಕಣ್ಣು ತುಂಬುತ್ತದೆ.

ಕೇಳುಗರ ವಿಷಯಕ್ಕೆ ಬರೋಣ.

1961ರ ಜೂನ್ 25ರಂದು ಬಿಲ್ ಎವನ್ಸ್ ಅವರ ತ್ರಯ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಕ್ಲಬ್‌ನಲ್ಲಿ ನುಡಿಸಿದ್ದು ರೆಕಾರ್ಡ್ ಆಗಿದೆ. ಅದನ್ನು ಕೇಳಿದರೆ ಲೋಟಗಳು ತಾಗುವ ಸದ್ದು ಕೇಳುತ್ತದೆ. ಜನ ಮಾತಾಡುವುದು ಕೇಳುತ್ತದೆ. ಬೇಸ್ ವಾದಕ ಸ್ಕಾಟ್ ಲಫಾರೊ ಅದಾದ 11 ದಿನಕ್ಕೆ ಅಪಘಾತದಲ್ಲಿ ತೀರಿಕೊಂಡರು. ಆ ಜನಕ್ಕೆ ಅದೇನೂ ಗೊತ್ತಿಲ್ಲ, ಒಂದು ಭಾನುವಾರ ಕಳೆಯುತ್ತಿದ್ದಾರೆ. ಆ ಸದ್ದೂ ಸಂಗೀತದ ಭಾಗವೇ ಅಂತ ನನಗೆ ಯಾವಾಗಲೂ ಅನ್ನಿಸಿದೆ.

ಆನ್‌ಲೈನ್‌ನಲ್ಲಿ ಆ ಸದ್ದಿಲ್ಲ. ಕೊನೆಯ ಕಾರ್ಡ್ ಆದ ಮೇಲೆ ಕೋಣೆ ನಿಶ್ಶಬ್ದ. ಗೋಡೆಗೆ ಮಾತಾಡಿದ ಹಾಗೆ. ನಾನು ಮೊದಲ ಸಲ ಒಂದು ವಿಡಿಯೊ ಕರೆ ಆ್ಯಪ್‌ನಲ್ಲಿ ಮೂವತ್ತು ಜನರಿಗೆ ನುಡಿಸಿದೆ. ನಿಧಾನದ ಬ್ಯಾಲಡ್. ಕೊನೆಗೆ ಪೆಡಲ್ ಒತ್ತಿ ಹಿಡಿದು ಕಾರ್ಡ್ ಕರಗುವವರೆಗೂ ಬಿಟ್ಟೆ. ‘ಯಾಕೆ ಅಷ್ಟು ಬೇಗ ನಿಲ್ಲಿಸಿದಿರಿ?’ ಅಂತ ಒಬ್ಬರು ಕೇಳಿದರು. ಆಗಲೇ ಗೊತ್ತಾದದ್ದು. ಆ ಸಾಫ್ಟ್‌ವೇರ್ ಮಾತಿಗಾಗಿ ಮಾಡಿದ್ದು. ಒಂದೇ ಸಮ ಎಳೆದ ಸದ್ದು ಬಂದರೆ ಅದು ಫ್ಯಾನಿನ ಗದ್ದಲ ಅಂದುಕೊಂಡು ಕತ್ತರಿಸುತ್ತದೆ. ಇಡೀ ಸಂಜೆ ನನ್ನ ಪ್ರತಿ ಕಾರ್ಡ್‌ನ ಬಾಲವನ್ನೂ ಅದು ಕತ್ತರಿಸಿತ್ತು. ಇಂಥ ಆ್ಯಪ್‌ಗಳಲ್ಲಿ ಸದ್ದನ್ನು ಇದ್ದ ಹಾಗೆ ಕಳಿಸುವ ಆಯ್ಕೆ ಇರುತ್ತದೆ. ದಯವಿಟ್ಟು ಹುಡುಕಿ ಒತ್ತಿ. ಆಮೇಲೆ ಬೇರೆ ಫೋನಿನಲ್ಲಿ ನೀವೇ ಒಮ್ಮೆ ಕೇಳಿ ನೋಡಿ.

ಪಿಯಾನೊ ವಾದಕ ಫ್ರೆಡ್ ಹರ್ಶ್ 2020ರಲ್ಲಿ ಮಾಡಿದ್ದು ನನಗೆ ದೊಡ್ಡ ಪಾಠ. ದಿನಕ್ಕೆ ಒಂದೇ ಟ್ಯೂನ್. ಮನೆಯ ಪಿಯಾನೊ, ಫೇಸ್‌ಬುಕ್, ದಿನಾ ಮಧ್ಯಾಹ್ನ ಒಂದೇ ಹೊತ್ತಿಗೆ. ಅಷ್ಟೇ. ಅದನ್ನು ನೋಡಿ ನಾನೂ ವಾರಕ್ಕೊಂದು ಸಲ, ಒಂದೇ ಹೊತ್ತಿಗೆ ಕೂರಲು ಶುರು ಮಾಡಿದೆ. ಮೊದಲು ಆರು ಜನ ಬಂದರು. ಈಗ ನಲವತ್ತು ಜನರ ಹತ್ತಿರ ಬರುತ್ತಾರೆ, ಹೆಚ್ಚುಕಮ್ಮಿ ಅದೇ ನಲವತ್ತು. ಒಬ್ಬರು ಬಾರದಿದ್ದರೆ ಇನ್ನೊಬ್ಬರು ವಿಚಾರಿಸುತ್ತಾರೆ. ಅವರ ಕಿವಿ ಎಷ್ಟು ಚುರುಕು ಅಂದರೆ, ಒಬ್ಬರು ಒಮ್ಮೆ ಬರೆದರು: ‘ನೀವು ಯಾವ ಟ್ಯೂನ್ ನುಡಿಸಿದರೂ ನಡುವಿನ ಭಾಗ ಬಂದಾಗ ಮೆಲ್ಲಗಾಗುತ್ತೀರಿ. ಬೇಕು ಅಂತ ಮಾಡ್ತೀರಾ?’ ನನಗೆ ಗೊತ್ತೇ ಇರಲಿಲ್ಲ. ಅದು ಅಭ್ಯಾಸವಾಗಿ ಕೂತುಬಿಟ್ಟಿತ್ತು. ಸಂಗೀತ ಬರೆದು ಓದಲು ಬಾರದ ಕೇಳುಗರೊಬ್ಬರು ನನ್ನ ನುಡಿಸುವಿಕೆಯನ್ನು ತಿದ್ದಿದರು.

ಕೇಳುಗರು ಕೊನೆಯ ವಸ್ತುವಿಗಿಂತ ಅದು ಆಗುವುದನ್ನು ನೋಡಲು ಬಯಸುತ್ತಾರೆ. ಸಂಗೀತ ರಚಿಸುವ ಮರಿಯಾ ಷ್ನೈಡರ್ ತಮ್ಮ ಆರ್ಕೆಸ್ಟ್ರಾದ ಆಲ್ಬಂ ಒಂದನ್ನು 2004ರಲ್ಲಿ ಆರ್ಟಿಸ್ಟ್‌ಶೇರ್ ಎಂಬ ಜಾಲತಾಣದ ಮೂಲಕ ತಂದರು. ಕೇಳುಗರು ಮುಂಚೆಯೇ ಹಣ ಕೊಟ್ಟರು, ಕೃತಿ ರೂಪ ತಾಳುವುದನ್ನು ಜೊತೆಯಲ್ಲೇ ನೋಡಿದರು. ಆ ಆಲ್ಬಂ ಅಂಗಡಿಗೇ ಬರಲಿಲ್ಲ. ಆದರೂ ಮರುವರ್ಷ ಗ್ರ್ಯಾಮಿ ಗೆದ್ದಿತು. ಸಂಗೀತಗಾರ ಜೇಕಬ್ ಕಾಲಿಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನೀವು ಒಂದು ಸಣ್ಣ ಮೆಲಡಿ ಹಾಡಿ ಕಳಿಸಿ, ನಾನು ಅದಕ್ಕೆ ಹಾರ್ಮನಿ ಕಟ್ಟಿ ಹಾಕುತ್ತೇನೆ ಅಂದರು. ಅಭಿಮಾನಿ ಅಲ್ಲಿ ಜೊತೆಗಾರನಾದ. ಎರಡು ಬಾಗಿಲು ಒಂದಾದದ್ದು ಅಂದರೆ ಅದು.

ದುಡ್ಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಟ್ರೀಮಿಂಗ್‌ನಿಂದ ಬರುವುದು ಕಡಿಮೆ. ನೇರವಾಗಿ ಕೊಳ್ಳುವ ನಲವತ್ತು ಜನ ನನಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದಾರೆ. ಕಲಾವಿದರು ನೇರವಾಗಿ ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್ 2020ರ ಮಾರ್ಚ್‌ನಿಂದ ಕೆಲವು ಶುಕ್ರವಾರಗಳಂದು ತನ್ನ ಪಾಲು ಬಿಟ್ಟುಕೊಟ್ಟಿತು, ಆಗ ಎಷ್ಟೋ ಜನರಿಗೆ ಉಸಿರು ಬಂತು. ಅಷ್ಟು ಸಾಕು.

ಜೋಯಿ ಅಲೆಕ್ಸಾಂಡರ್ ಹೆಸರು ನೀವೆಲ್ಲ ಕೇಳಿದ್ದೀರಿ. ಪಿಯಾನೊ ನುಡಿಸುವ ಬಾಲಿಯ ಹುಡುಗ. ಯೂಟ್ಯೂಬ್‌ನಲ್ಲಿ ಅವನ ವಿಡಿಯೊ ನೋಡಿ ಹೆಸರಾಂತ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ 2014ರಲ್ಲಿ ನ್ಯೂಯಾರ್ಕಿಗೆ ಕರೆಸಿದರು. ಆಗ ಅವನಿಗೆ 10 ವರ್ಷ. ಈ ಕಥೆ ನಿಜ, ಚೆಂದವೂ ಹೌದು. ಆದರೆ ಇದನ್ನು ಕೇಳಿದ ಹುಡುಗರು ಯಾರೋ ಒಬ್ಬರು ನೋಡುತ್ತಾರೆ ಅಂತ ಕಾಯುತ್ತಾ ಕೂರುವುದನ್ನು ಕಂಡಿದ್ದೇನೆ. ನನಗೆ ಸಂಕಟವಾಗುತ್ತದೆ. ಕಾಯುವ ಹೊತ್ತಿನಲ್ಲಿ ನೀವೇ ಯಾರನ್ನಾದರೂ ಕೇಳಬಹುದು, ಅಲ್ವಾ.

*

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದರು: ‘ನನಗೆ ಯಾರೂ ಗೊತ್ತಿಲ್ಲ. ಯಾರಿಗೆ ಬರೆಯಲಿ? ಏನು ಅಂತ ಬರೆಯಲಿ?’

ನಾನು ಹೇಳಿದ್ದು ಇದು. ನಿಮಗೆ ಇಷ್ಟವಾದ, ಆದರೆ ಬಹಳ ಹೆಸರು ಮಾಡದ ಒಬ್ಬ ವಾದಕರನ್ನು ಆರಿಸಿಕೊಳ್ಳಿ. ಅವರ ಒಂದು ರೆಕಾರ್ಡ್ ಅನ್ನು ಮೈಯೆಲ್ಲ ಕಿವಿಯಾಗಿ ಮೂರು ಸಲ ಕೇಳಿ. ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಜಾಗದ ಬಗ್ಗೆ ಬರೆಯಿರಿ. ನಿಮ್ಮ ವಿಡಿಯೊದ ಲಿಂಕ್ ಹಾಕಬೇಡಿ. ನಾನು ಹೇಳಿದೆನಲ್ಲ, ಮುಖ ನೋಡದ ಬೇಸ್ ವಾದಕಿ, ಅವರಿಗೆ ನಾನು ಬರೆದದ್ದು ಎರಡೇ ಸಾಲು. ‘ಎರಡನೇ ಸುತ್ತಿನಲ್ಲಿ ನೀವು ಪ್ರತಿ ಬಾರ್‌ನ ಮೊದಲ ಬೀಟ್ ಬಿಟ್ಟಿದ್ದೀರಿ. ಬೇಸ್ ಇಲ್ಲದೆಯೂ ಆ ಬೀಟ್ ಅಲ್ಲಿ ಇತ್ತು, ಅದು ಹೇಗೆ?’

ಹನ್ನೊಂದು ದಿನ ಉತ್ತರ ಇಲ್ಲ. ಆಮೇಲೆ ಒಂದು ಫೈಲ್ ಬಂತು. ಒಂದು ಮಾತೂ ಬರೆದಿರಲಿಲ್ಲ. ಒಂದೂವರೆ ನಿಮಿಷ, ಬರೀ ಬೇಸ್, ಕಾಲು ತಟ್ಟುವ ಸದ್ದು, ಪ್ರತಿ ಬಾರ್‌ನ ಮೊದಲ ಬೀಟ್ ಖಾಲಿ. ಆ ರಾತ್ರಿಯೇ ಅದರ ಮೇಲೆ ಪಿಯಾನೊ ನುಡಿಸಿ ಕಳಿಸಿದೆ. ತಳದ ಸ್ವರ ಒಂದನ್ನೂ ಒತ್ತಲಿಲ್ಲ.